ಮರುಭೂಮಿಯಲ್ಲಿ ಕಲ್ಲಾದ ಮರ, ಅಗೇಟ್ ಆಯುವುದು: ಯಾರ ನೆಲದಲ್ಲಿ, ಎಷ್ಟು, ಹೇಗೆ?

ಪ್ರಶ್ನೆ: ನಾವು ಅಮೆರಿಕದ ಅರಿಜೋನಾ ರಾಜ್ಯದಲ್ಲಿ, ಫೀನಿಕ್ಸ್ ನಗರದ ಹತ್ತಿರ ಇದ್ದೇವೆ. ಡಿಸೆಂಬರ್‌ನಲ್ಲಿ ತೀರ್ಥಹಳ್ಳಿಯಿಂದ ತಂದೆ ತಾಯಿ ಬರುತ್ತಿದ್ದಾರೆ. ತಂದೆ ನಿವೃತ್ತ ಶಿಕ್ಷಕರು. ತುಂಗೆಯ ದಡದಲ್ಲಿ ಆಯ್ದ ಕಲ್ಲುಗಳನ್ನು ಇಂದಿಗೂ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ. ಅವರಿಗೆ ಕಲ್ಲಾದ ಮರವನ್ನು ತೋರಿಸಿ, ಒಂದೆರಡು ತುಂಡು ಕೊಟ್ಟು ಕಳುಹಿಸುವ ಆಸೆ ನನ್ನದು. ಪೆಟ್ರಿಫೈಡ್ ಫಾರೆಸ್ಟ್ ಉದ್ಯಾನದಲ್ಲಿ ಎಲ್ಲರೂ ಒಂದೊಂದು ಚೂರು ಜೇಬಿಗೆ ಹಾಕಿಕೊಳ್ಳುತ್ತಾರೆ ಎಂದು ಗೆಳೆಯರು ಹೇಳುತ್ತಾರೆ. ಅದು ಸರಿಯೇ? ಅಲ್ಲವಾದರೆ ಎಲ್ಲಿ, ಎಷ್ಟು ತೆಗೆದುಕೊಳ್ಳಬಹುದು? ಅಗೇಟನ್ನು, ಅಂದರೆ ಹಕೀಕ್ ಕಲ್ಲನ್ನು, ಗುರುತಿಸುವುದು ಹೇಗೆ? ಮನೆಯಲ್ಲೇ ಕೊಯ್ದು ತಾಯಿಗೆ ಪದಕ ಮಾಡಬಹುದೇ? ಊರಿನ ಕಡೆಯೂ ಇಂಥ ಕಲ್ಲು ಇದೆಯೇ ಎಂದು ತಂದೆ ಕೇಳುತ್ತಾರೆ. ಕೊನೆಯದಾಗಿ, ಎರಡು ವರ್ಷದ ಹಿಂದೆ ನನ್ನ ಮಗ ನಮಗೆ ತಿಳಿಯದೆ ಆ ಉದ್ಯಾನದಿಂದ ತಂದ ಹೆಬ್ಬೆರಳಿನಷ್ಟು ದೊಡ್ಡ ಚೂರೊಂದು ಮನೆಯಲ್ಲಿದೆ. ಅದನ್ನು ಏನು ಮಾಡಲಿ?

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಚಿಕ್ಕದು. ಸರಿಯಲ್ಲ. ಪೆಟ್ರಿಫೈಡ್ ಫಾರೆಸ್ಟ್ ರಾಷ್ಟ್ರೀಯ ಉದ್ಯಾನದ ಒಳಗೆ ಕಡಲೆಕಾಳಿನಷ್ಟು ಚೂರನ್ನೂ ಎತ್ತಿಕೊಳ್ಳುವಂತಿಲ್ಲ. ಕಲ್ಲಾದ ಮರ ಮಾತ್ರವಲ್ಲ, ಸಾಧಾರಣ ಕಲ್ಲು, ಗಿಡ, ಮೂಳೆ, ಮಡಕೆಯ ಚೂರು ಯಾವುದನ್ನೂ.

"ಎಲ್ಲರೂ ತೆಗೆದುಕೊಳ್ಳುತ್ತಾರೆ" ಎಂಬ ಮಾತು ನನ್ನನ್ನು ಬಹಳ ಕಾಡುತ್ತದೆ. ಅದೇ ಉದ್ಯಾನದಲ್ಲಿ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಅವರ ಸಂಗಡಿಗರು ಒಂದು ಪ್ರಯೋಗ ಮಾಡಿದ್ದರು. ಕಾಲುದಾರಿಗಳಲ್ಲಿ ಗುರುತು ಮಾಡಿದ ಚೂರುಗಳನ್ನು ಹರಡಿ, ದಾರಿಯ ಬಾಯಲ್ಲಿ ಬೇರೆ ಬೇರೆ ಫಲಕಗಳನ್ನು ನಿಲ್ಲಿಸಿದರು. "ಹಿಂದೆ ಬಂದ ಎಷ್ಟೋ ಜನ ಕಲ್ಲು ಒಯ್ದು ಕಾಡಿನ ರೂಪವನ್ನೇ ಕೆಡಿಸಿದ್ದಾರೆ" ಎಂಬ ಅರ್ಥದ ಫಲಕವಿದ್ದಾಗ ನೂರಕ್ಕೆ ಸುಮಾರು 8 ಚೂರುಗಳು ಕಾಣೆಯಾದವು. "ದಯವಿಟ್ಟು ತೆಗೆಯಬೇಡಿ" ಎಂದಷ್ಟೇ ಬರೆದಾಗ 2ಕ್ಕಿಂತ ಕಡಿಮೆ. ಎಲ್ಲರೂ ಮಾಡುತ್ತಾರೆ ಎಂಬ ಸುದ್ದಿಯೇ ಕೈಗೆ ಧೈರ್ಯ ಕೊಡುತ್ತದೆ. ನಿಜವಾಗಿ ಎಲ್ಲರೂ ಹಾಗೆ ಮಾಡುವುದೂ ಇಲ್ಲ. ಹಳೆಯ ಛಾಯಾಚಿತ್ರಗಳನ್ನು ಹಿಡಿದು ಅದೇ ಜಾಗಗಳಿಗೆ ಹೋಗಿ ಹೋಲಿಸಿದವರಿಗೆ ಬಹುತೇಕ ಕಡೆ ದಿಮ್ಮಿಗಳು ಇದ್ದಲ್ಲೇ ಇರುವುದು ಕಂಡಿದೆ. ನಿಮ್ಮ ಗೆಳೆಯರಿಗೆ ಇದನ್ನು ಹೇಳಿ.

ದೊಡ್ಡ ಲೂಟಿ ನಡೆದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ರೈಲುಹಳಿ ಬಂದ ಮೇಲೆ. ದಿಮ್ಮಿಗಳ ಟೊಳ್ಳಿನಲ್ಲಿ ನೇರಳೆ ಬಣ್ಣದ ಸ್ಫಟಿಕಗಳು ಸಿಗುತ್ತವೆಂದು ಅವುಗಳನ್ನು ಸಿಡಿಮದ್ದಿನಿಂದ ಒಡೆದರು. ದಿಮ್ಮಿಗಳನ್ನು ಪುಡಿ ಮಾಡಿ ಉಜ್ಜುಪುಡಿಯಾಗಿ ಮಾರಲು ಅಡಮಾನಾ ಎಂಬಲ್ಲಿ ಗಿರಣಿಯನ್ನೇ ಕಟ್ಟಿದರು. ಇದನ್ನು ಕಂಡು ಕಂಗೆಟ್ಟ ಅರಿಜೋನಾದ ಶಾಸನಸಭೆ 1895ರಲ್ಲಿ ರಕ್ಷಣೆ ಕೋರಿ ಅಮೆರಿಕದ ಕಾಂಗ್ರೆಸ್ಸಿಗೆ ಬರೆಯಿತು. 1906ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 1962ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾಯಿತು.

ಅದೇ 1962ರಲ್ಲಿ ಇನ್ನೊಂದು ಕಾನೂನೂ ಬಂತು. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಅದರಲ್ಲಿದೆ. ಉದ್ಯಾನದ ಹೊರಗಿನ ಸಾರ್ವಜನಿಕ ಜಮೀನಿನಲ್ಲಿ ಬಿದ್ದಿರುವ ಕಲ್ಲಾದ ಮರದ ಮೇಲೆ ಯಾರೂ ಗಣಿ ಹಕ್ಕು ಹೂಡುವಂತಿಲ್ಲ, ಆದರೆ ಸಾಮಾನ್ಯ ಜನ ಸ್ವಂತಕ್ಕಾಗಿ ಮಿತವಾಗಿ, ಉಚಿತವಾಗಿ ಆಯ್ದುಕೊಳ್ಳಬಹುದು ಎಂದು ಅದು ಹೇಳಿತು. ಈ ಸಾರ್ವಜನಿಕ ಜಮೀನನ್ನು ನೋಡಿಕೊಳ್ಳುವುದು ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್, ಎಲ್ಲರ ಬಾಯಲ್ಲಿ ಬಿಎಲ್‌ಎಂ. ಅದರ ವಶದಲ್ಲಿ ಸುಮಾರು 24.5 ಕೋಟಿ ಎಕರೆ ಇದೆ. ನಮ್ಮ ಇಡೀ ಕರ್ನಾಟಕದ ಐದು ಪಟ್ಟು.

ಅಲ್ಲಿಯ ನಿಯಮ ಹೀಗಿದೆ. ಕಲ್ಲಾದ ಮರವಾದರೆ ಒಬ್ಬರಿಗೆ ದಿನಕ್ಕೆ 25 ಪೌಂಡ್ ಮತ್ತು ಅದರ ಮೇಲೆ ಒಂದು ತುಂಡು. ವರ್ಷಕ್ಕೆ ಒಟ್ಟು 250 ಪೌಂಡ್ ಮೀರಬಾರದು. 250 ಪೌಂಡಿಗಿಂತ ಭಾರವಾದ ದಿಮ್ಮಿಯನ್ನು ಒಯ್ಯಲು ನಾಲ್ಕು ಜನರ ಪಾಲನ್ನು ಕೂಡಿಸುವಂತಿಲ್ಲ. ಆಯ್ದದ್ದನ್ನು ಮಾರುವಂತಿಲ್ಲ, ಸಿಡಿಮದ್ದು ಮತ್ತು ಯಂತ್ರಗಳನ್ನು ಬಳಸುವಂತಿಲ್ಲ. ಅಗೇಟ್, ಜ್ಯಾಸ್ಪರ್ ಮೊದಲಾದ ಕಲ್ಲುಗಳಿಗೆ ಹೀಗೆ ತೂಕ ಕಟ್ಟಿಲ್ಲ. ಹವ್ಯಾಸಕ್ಕೆ ತಕ್ಕಷ್ಟು ಎಂಬುದೇ ಅಳತೆ. ಕೆಲವು ಜಾಗಗಳಿಗೆ ಪ್ರತ್ಯೇಕ ನಿರ್ಬಂಧಗಳಿರುವುದರಿಂದ ಹೋಗುವ ಮುಂಚೆ ಆ ಭಾಗದ ಬಿಎಲ್‌ಎಂ ಕಚೇರಿಗೆ ಒಂದು ಫೋನ್ ಮಾಡಿ. ಅವರು ತಾಳ್ಮೆಯಿಂದ ಹೇಳುತ್ತಾರೆ.

25 ಪೌಂಡ್ ಎಂದರೆ ಹನ್ನೊಂದು ಕಿಲೋಗಿಂತ ತುಸು ಹೆಚ್ಚು. ಮೂಟೆಗಟ್ಟಲೆ ಎಂದು ಊಹಿಸಬೇಡಿ. ಈ ಕಲ್ಲು ನೀರಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ಆದ್ದರಿಂದ ಫುಟ್‌ಬಾಲ್‌ಗಿಂತ ಸ್ವಲ್ಪ ಚಿಕ್ಕದಾದ ಒಂದೇ ಉಂಡೆ ಹನ್ನೊಂದು ಕಿಲೋ ತೂಗುತ್ತದೆ. ತಂದೆಯವರ ವಿಮಾನದ ಸಾಮಾನಿಗೆ ಅಷ್ಟೂ ಬೇಡ. ಅಂಗೈಯಲ್ಲಿ ಹಿಡಿಯುವ ಎರಡು ತುಂಡು ಸಾಕು.

ನಿಯಮ ಓದಿ ಎಲ್ಲ ತಿಳಿಯಿತೆಂದು ಹೊರಟುಬಿಡಬೇಡಿ. ಕಷ್ಟವಿರುವುದು ನೀವು ನಿಂತ ನೆಲ ಯಾರದೆಂದು ತಿಳಿಯುವುದರಲ್ಲಿ. ಉದ್ಯಾನದ ಪಕ್ಕದ ಹಾಲ್‌ಬ್ರುಕ್ ಊರಿನ ಸುತ್ತ ಜಮೀನು ಚದುರಂಗದ ಹಲಗೆಯ ಹಾಗಿದೆ. ರೈಲ್ವೆ ಕಂಪನಿಗೆ ಹಳಿ ಹಾಕುವ ಪ್ರೋತ್ಸಾಹವಾಗಿ ಸರ್ಕಾರ ಒಂದು ಚದರ ಮೈಲಿಯ ಚೌಕಗಳನ್ನು ಒಂದು ಬಿಟ್ಟು ಒಂದರಂತೆ ಕೊಟ್ಟಿತ್ತು. ಆ ಚೌಕಗಳು ಕೈಯಿಂದ ಕೈಗೆ ಹೋಗಿ ಈಗ ಖಾಸಗಿಯಾಗಿವೆ. ನಡುವೆ ರಾಜ್ಯದ ಟ್ರಸ್ಟ್ ಜಮೀನಿದೆ. ಅಲ್ಲಿ ಓಡಾಡುವುದಕ್ಕೇ ಪರವಾನಗಿ ಬೇಕು, ಕಲ್ಲು ಆಯುವಂತಿಲ್ಲ. ಉತ್ತರಕ್ಕೆ ನವಾಹೋ ಜನರ ನಾಡು ಇದೆ. ಅದು ಅವರದು, ಅವರ ಅನುಮತಿಯಿಲ್ಲದೆ ಅಲ್ಲಿಂದ ಏನನ್ನೂ ತರಬಾರದು. ಇವುಗಳ ನಡುವೆ ಬೇಲಿ ಇರಲೇಬೇಕೆಂದಿಲ್ಲ. ಎಲ್ಲ ಕಡೆ ಅದೇ ಕೆಂಪು ಮಣ್ಣು, ಅದೇ ಕುರುಚಲು ಗಿಡ. ಹಾಗಾಗಿ ಭೂ ಒಡೆತನದ ನಕ್ಷೆ ಕೈಯಲ್ಲಿರಬೇಕು. ಬಿಎಲ್‌ಎಂ ನಕ್ಷೆಗಳಲ್ಲಿ ಅದರ ನೆಲ ಹಳದಿ, ಅರಣ್ಯ ಇಲಾಖೆಯದು ಹಸಿರು, ರಾಜ್ಯದ್ದು ತಿಳಿನೀಲಿ, ಖಾಸಗಿಯದು ಬಿಳಿ. ಮೊಬೈಲಿನಲ್ಲಿ ಈ ಬಣ್ಣಗಳನ್ನು ತೋರಿಸಿ ನೀವು ನಿಂತ ಜಾಗಕ್ಕೆ ಚುಕ್ಕೆ ಇಡುವ ಆ್ಯಪ್‌ಗಳಿವೆ. ಸಿಗ್ನಲ್ ಸಿಗದ ಕಡೆ ಹೋಗುವುದರಿಂದ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಹಳದಿ ನೆಲದಲ್ಲೂ ಯಾರಾದರೂ ಖನಿಜಕ್ಕೆ ಗಣಿ ಹಕ್ಕು ಹೂಡಿರಬಹುದು. ಮೂಲೆಗಳಲ್ಲಿ ನೆಟ್ಟ ಕಂಬ ಅಥವಾ ಪೇರಿಸಿದ ಕಲ್ಲುಗುಪ್ಪೆ ಕಂಡರೆ ಅಲ್ಲಿಂದ ಆಚೆ ನಡೆಯಿರಿ.

ಹಿರಿಯರನ್ನು ಕರೆದುಕೊಂಡು ಹೋಗುವ ನಿಮಗೆ ನನ್ನ ಸಲಹೆ ಇದು. ಒಂದು ದಿನ ಉದ್ಯಾನಕ್ಕೆ ಹೋಗಿ ಕಣ್ತುಂಬ ನೋಡಿ ಬನ್ನಿ. ಅದು ಸಮುದ್ರಮಟ್ಟದಿಂದ ಸುಮಾರು 1,650 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್‌ನಲ್ಲಿ ಹಿಮ ಬೀಳುವುದುಂಟು, ಹಾಗಾಗಿ ತಂದೆ ತಾಯಿಗೆ ಶಾಲು ಸಾಲದು, ದಪ್ಪ ಕೋಟು ಬೇಕು. ಕಲ್ಲಾದ ಮರದ ತುಂಡನ್ನು ಹಾಲ್‌ಬ್ರುಕ್‌ನ ಅಂಗಡಿಯಲ್ಲಿ ಕೊಳ್ಳಿ. ಅಲ್ಲಿಯ ಸರಕು ಉದ್ಯಾನದ ಹೊರಗಿನ ಖಾಸಗಿ ಜಮೀನಿನಿಂದ ಬಂದದ್ದು. ರಸೀದಿ ಕೇಳಿ ಪಡೆಯಿರಿ. ಆ ಚದುರಂಗದ ನೆಲದಲ್ಲಿ ವಯಸ್ಸಾದವರನ್ನು ಅಲೆದಾಡಿಸುವುದಕ್ಕಿಂತ ಇದು ಮೇಲು.

ಆದರೆ ತಾನೇ ಬಾಗಿ ಕಲ್ಲು ಎತ್ತಿಕೊಳ್ಳುವ ಸುಖ ಕೊಂಡು ತಂದುದರಲ್ಲಿ ಸಿಗದು. ಅದಕ್ಕಾಗಿ ಇನ್ನೊಂದು ದಿನ ಆಗ್ನೇಯ ಅರಿಜೋನಾಕ್ಕೆ ಹೋಗಿ. ಸ್ಯಾಫರ್ಡ್ ಪಟ್ಟಣದಿಂದ ಈಶಾನ್ಯಕ್ಕೆ, 191ನೆಯ ಹೆದ್ದಾರಿಯ ಕಡೆಗೆ, ಬ್ಲ್ಯಾಕ್ ಹಿಲ್ಸ್ ಎಂಬ ಜಾಗವನ್ನು ಬಿಎಲ್‌ಎಂ ಕಲ್ಲು ಆಯುವವರಿಗೆಂದೇ ಬಿಟ್ಟುಕೊಟ್ಟಿದೆ. ಅಲ್ಲಿ ಅಗೇಟ್ ಸಿಗುತ್ತದೆ, ಫೈರ್ ಅಗೇಟ್ ಕೂಡ. ಡಂಕನ್ ಊರಿನ ಆಚೆ ರೌಂಡ್ ಮೌಂಟನ್ ಎಂಬ ಇನ್ನೊಂದು ಜಾಗವಿದೆ. ಅದರ ದಾರಿ ಒರಟು, ಎತ್ತರದ ಗಾಡಿ ಬೇಕು. ಈ ಸಲ ಅದನ್ನು ಬಿಡಿ.

ಈಗ ನನಗೆ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ಅಗೇಟ್ ಎಂಬುದು ನಮ್ಮ ಬೆಣಚುಕಲ್ಲಿನ ಮನೆತನದ್ದೇ. ಚಕಮಕಿ ಕಲ್ಲು, ಜ್ಯಾಸ್ಪರ್ ಎಲ್ಲವೂ ದಾಯಾದಿಗಳು. ಲಾವಾ ಆರುವಾಗ ಅನಿಲದ ಗುಳ್ಳೆಗಳು ಟೊಳ್ಳಾಗಿ ಉಳಿಯುತ್ತವೆ. ಬೆಣಚುಕಲ್ಲಿನ ಮೂಲವಸ್ತುವಾದ ಸಿಲಿಕಾ ಕರಗಿದ ನೀರು ಅವುಗಳೊಳಗೆ ಜಿನುಗಿ, ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳಾಗಿ, ಪದರದ ಮೇಲೆ ಪದರವಾಗಿ ಗಟ್ಟಿಯಾಗುತ್ತದೆ. ಅದೇ ಅಗೇಟ್. ಭಾರತದ ಅಂಗಡಿಗಳಲ್ಲಿ ಅದನ್ನು ಹಕೀಕ್ ಎನ್ನುತ್ತಾರೆ. ಫೈರ್ ಅಗೇಟ್‌ನಲ್ಲಿ ಈ ಪದರಗಳ ನಡುವೆ ಕಬ್ಬಿಣದ ಆಕ್ಸೈಡ್‌ನ ಅತಿ ತೆಳು ಪೊರೆಗಳಿದ್ದು, ಸಾಬೂನಿನ ಗುಳ್ಳೆಯ ಮೇಲೆ ಕಾಣುವಂಥ ಬಣ್ಣಗಳು ಕೆಂಡದ ನಡುವಿನಿಂದ ಎದ್ದಂತೆ ಹೊಳೆಯುತ್ತವೆ.

ಮರುಭೂಮಿಯಲ್ಲಿ ಬಿದ್ದಿರುವ ಅಗೇಟ್ ಅಂಗಡಿಯಲ್ಲಿದ್ದಂತೆ ಹೊಳೆಯುವುದಿಲ್ಲ. ಹೊರಮೈ ಮಂಕಾಗಿ, ಆಲೂಗಡ್ಡೆಯ ಸಿಪ್ಪೆಯಂತೆ ಇರುತ್ತದೆ. ಎಷ್ಟೋ ಕಲ್ಲುಗಳ ಮೇಲೆ ಮ್ಯಾಂಗನೀಸ್ ಮತ್ತು ಕಬ್ಬಿಣದ ಕಂದು ಲೇಪವೂ ಇರುತ್ತದೆ. ಹಾಗಾಗಿ ಸಂಜೆಯಾಗುವ ಮುಂಚೆ, ಸೂರ್ಯ ಕೆಳಗಿಳಿದಾಗ, ಅವನಿಗೆ ಎದುರಾಗಿ ನಡೆಯಿರಿ. ಬೆಳಕನ್ನು ಒಳಗೆ ಬಿಟ್ಟುಕೊಳ್ಳುವ ಕಲ್ಲು ಅಂಚಿನಲ್ಲಿ ಜೇನಿನ ಹನಿಯಂತೆ ಬೆಳಗುತ್ತದೆ. ಅದನ್ನು ಎತ್ತಿ ಬೆಳಕಿಗೆ ಹಿಡಿಯಿರಿ. ಒಡೆದ ಕಡೆ ಮೇಣದಂಥ ಹೊಳಪು, ಚಿಪ್ಪಿನ ಒಳಮೈಯಂಥ ಬಾಗು ಇದೆಯೇ ನೋಡಿ. ಚಾಕುವಿನ ಮೊನೆಯಿಂದ ಗೀರಿ. ಅಗೇಟ್ ಆದರೆ ಗೀರು ಬೀಳುವುದಿಲ್ಲ. ಬದಲಿಗೆ ಚಾಕುವೇ ಸವೆದು ಬೂದು ಗೆರೆಯೊಂದನ್ನು ಬಿಡುತ್ತದೆ. ಬೆಳಕು ಒಂದಿಷ್ಟೂ ಹಾಯದಿದ್ದರೆ ಅದು ಜ್ಯಾಸ್ಪರ್. ಜ್ಯಾಸ್ಪರ್ ಆದರೂ ಎಸೆಯಬೇಡಿ, ಅದರ ಕೆಂಪು ಹಳದಿಗಳಿಗೆ ಬೇರೆಯದೇ ಚೆಲುವಿದೆ. ಒಣಹಳ್ಳಗಳ ಜಲ್ಲಿಯಲ್ಲಿ, ಮಳೆ ಬಂದು ಹೋದ ಮೇಲೆ, ಹುಡುಕಾಟ ಸುಲಭ. ಆದರೆ ಮೋಡವಿರುವ ದಿನ ಹಳ್ಳಕ್ಕೆ ಇಳಿಯಲೇಬೇಡಿ. ಎಲ್ಲೋ ದೂರದ ಬೆಟ್ಟದಲ್ಲಿ ಸುರಿದ ಮಳೆ ಇಲ್ಲಿ ಗೋಡೆಯಂತೆ ನುಗ್ಗಿ ಬರುತ್ತದೆ.

ಕಲ್ಲಾದ ಮರವನ್ನು ಗುರುತಿಸುವುದರಲ್ಲಿ ನಿಮ್ಮ ತಂದೆಯೇ ನಿಮಗಿಂತ ಮುಂದಿರುತ್ತಾರೆ. ಮಲೆನಾಡಿನಲ್ಲಿ ಬೆಳೆದವರಿಗೆ ಸೌದೆ ಸೀಳಿದ ಕಣ್ಣಿರುತ್ತದೆ. ಲಾವಾ ಹರಿದ ಗೆರೆಗಳಿರುವ ಕಲ್ಲುಗಳೂ ಮರದ ಹಾಗೆ ಮೋಸ ಮಾಡುತ್ತವೆ. ಆದರೆ ಅವುಗಳಲ್ಲಿ ತೊಗಟೆ ಇರುವುದಿಲ್ಲ, ಕೊಂಬೆ ಒಡೆದ ಗಂಟು ಇರುವುದಿಲ್ಲ, ಉದ್ದಕ್ಕೆ ಓಡುವ ನಾರು ಇರುವುದಿಲ್ಲ. ವರ್ಷದ ಬಳೆಗಳು ಎಲ್ಲ ತುಂಡಿನಲ್ಲೂ ಕಾಣುತ್ತವೆಂದು ಕಾಯಬೇಡಿ. ಅರಿಜೋನಾದ ಮರಗಳಲ್ಲಿ ಬೆಣಚು ಎಷ್ಟೋ ಕಡೆ ಒಳಗಿನ ಜೀವಕೋಶಗಳ ರಚನೆಯನ್ನೇ ನುಂಗಿಬಿಟ್ಟಿದೆ.

ಅವು ಸುಮಾರು 21-22 ಕೋಟಿ ವರ್ಷ ಹಿಂದಿನವು. ಆಗ ಆ ನೆಲ ಭೂಮಧ್ಯರೇಖೆಗೆ ಹತ್ತಿರವಿತ್ತು. ದೊಡ್ಡ ನದಿಗಳು ಬುಡಮೇಲಾದ ಸೂಜಿಪರ್ಣಿ ಮರಗಳನ್ನು ಹೊತ್ತು ತಂದು ಹೂಳಿನಲ್ಲಿ ಮುಚ್ಚಿದವು. ಗಾಳಿಗೆ ತೆರೆದಿದ್ದರೆ ಅವು ಕೊಳೆತು ಹೋಗುತ್ತಿದ್ದವು. ಹೂಳಿನೊಂದಿಗೆ ಬೆರೆತ ಜ್ವಾಲಾಮುಖಿಯ ಬೂದಿಯಿಂದ ಸಿಲಿಕಾ ಅಂತರ್ಜಲಕ್ಕೆ ಇಳಿದು, ಮರದ ಒಳಗೆ ಹೊಕ್ಕು, ಅಲ್ಲೇ ಬೆಣಚಾಗಿ ನಿಂತಿತು. ಕೆಂಪು, ಹಳದಿ ಬಂದದ್ದು ಕಬ್ಬಿಣದಿಂದ, ಕಪ್ಪು ಮ್ಯಾಂಗನೀಸ್‌ನಿಂದ. ಉದ್ಯಾನದಲ್ಲಿ ದಿಮ್ಮಿಗಳು ಗರಗಸದಿಂದ ಕೊಯ್ದಂತೆ ತುಂಡು ತುಂಡಾಗಿ ಬಿದ್ದಿರುವುದನ್ನು ಕಂಡು ತಾಯಿಯವರು "ಯಾರು ಕೊಯ್ದದ್ದು?" ಎಂದು ಕೇಳಿಯೇ ಕೇಳುತ್ತಾರೆ. ಯಾರೂ ಅಲ್ಲ. ನೆಲ ಮೇಲೆದ್ದಾಗ ಬಿದ್ದ ಒತ್ತಡಕ್ಕೆ ಬಾಗಲಾರದ ಬೆಣಚಿನ ಕಂಬ ಸೌತೆಕಾಯಿಯ ಹೋಳಿನಂತೆ ಅಡ್ಡಡ್ಡ ಮುರಿಯಿತು.

ಕೈ ಹಾಕಬಾರದ ಎರಡು ವಸ್ತುಗಳಿವೆ, ಬಿಎಲ್‌ಎಂ ನೆಲದಲ್ಲೂ. ಬೆನ್ನೆಲುಬಿರುವ ಪ್ರಾಣಿಗಳ ಪಳೆಯುಳಿಕೆ ಒಂದು. ಮರಗಳಿರುವ ಪದರಗಳಲ್ಲೇ ಮೊಸಳೆಯನ್ನು ಹೋಲುವ ಪುರಾತನ ಸರೀಸೃಪಗಳ ಮೂಳೆ, ಹಲ್ಲುಗಳೂ ಇವೆ. 2009ರ ಕಾನೂನಿನಂತೆ ಅವನ್ನು ಪರವಾನಗಿ ಪಡೆದ ಸಂಶೋಧಕರು ಮಾತ್ರ ತೆಗೆಯಬಹುದು. ಇನ್ನೊಂದು, ಮನುಷ್ಯನ ಕೈ ತಾಗಿದ ಕಲ್ಲು. ಅಗೇಟ್ ಮತ್ತು ಕಲ್ಲಾದ ಮರದಿಂದ ಅಲ್ಲಿಯ ಮೂಲನಿವಾಸಿಗಳು ಸಾವಿರಾರು ವರ್ಷ ಬಾಣದ ಮೊನೆ, ಹೆರೆಯುವ ಕತ್ತಿ ಮಾಡಿಕೊಂಡರು. ಉದ್ಯಾನದೊಳಗೆ ಕಲ್ಲಾದ ಮರದ ತುಂಡುಗಳಿಂದಲೇ ಅವರು ಕಟ್ಟಿದ ಮನೆಯೂ ಇದೆ. ಅಂಚಿನುದ್ದಕ್ಕೂ ಸಾಲಾಗಿ ಚಿಕ್ಕ ಚಿಕ್ಕ ಚಕ್ಕೆ ಎಬ್ಬಿಸಿದ ಗುರುತಿದ್ದರೆ ಅದು ಪ್ರಕೃತಿಯ ಕೆಲಸವಲ್ಲ. 1979ರಿಂದ ಇಂಥವುಗಳನ್ನು ಕಾಯುವ ಕಠಿಣ ಕಾನೂನಿದೆ. ಮಗನಿಗೆ ತೋರಿಸಿ, ಫೋಟೋ ತೆಗೆದುಕೊಂಡು, ಇದ್ದಲ್ಲೇ ಬಿಡಿ.

ಹಾವಿನ ಮಾತನ್ನು ತಂದೆಗೆ ಬಿಡಿಸಿ ಹೇಳಬೇಕಿಲ್ಲ. ಕಾಣದ ಸಂದಿಗೆ ಕೈ ಹಾಕಬಾರದೆಂದು ಊರಿನವರಿಗೆ ಗೊತ್ತು. ನೀರು ಮಾತ್ರ ತಲೆಗೆ ನಾಲ್ಕು ಲೀಟರಿನಂತೆ ಇರಲಿ, ಚಳಿಗಾಲವಾದರೂ. ಪಾಳುಬಿದ್ದ ಗಣಿಯ ಬಾಯಿ ಕಂಡರೆ ಹತ್ತಿರ ಸುಳಿಯಬೇಡಿ.

ಪ್ರತಿ ಕಲ್ಲಿಗೂ ಎತ್ತಿದ ಕ್ಷಣದಲ್ಲೇ ಚೀಟಿ ಬರೆಯಿರಿ: ದಿನಾಂಕ, ಜಾಗದ ಅಕ್ಷಾಂಶ ರೇಖಾಂಶ, ಹಳ್ಳದಲ್ಲೋ ದಿಬ್ಬದಲ್ಲೋ, ಯಾರು ಕಂಡದ್ದು. ಚೀಟಿಯೊಡನೆ ಪತ್ರಿಕೆಯ ಹಾಳೆಯಲ್ಲಿ ಸುತ್ತಿ. ನಾನು ಮೊದಲ ಸಲ ಆ ಕಡೆ ಹೋದಾಗ ಸಂತೋಷದ ಭರದಲ್ಲಿ ಒಂದು ಚೀಲ ತುಂಬಿದೆ, ಏನನ್ನೂ ಬರೆಯಲಿಲ್ಲ. ಇಂದು ಆ ಕಲ್ಲುಗಳಲ್ಲಿ ಯಾವುದು ಎಲ್ಲಿಯದೆಂದು ನನಗೆ ಹೇಳಲಾಗದು. ಅವುಗಳನ್ನು ಯಾವ ವಿದ್ಯಾರ್ಥಿಯ ಕೈಗೂ ಪಾಠಕ್ಕೆಂದು ಕೊಡಲಾರೆ. ಆ ನಷ್ಟ ನನಗೆ ಇಂದಿಗೂ ನೋಯುತ್ತದೆ.

ಮನೆಗೆ ತಂದ ಮೇಲೆ ಬ್ರಷ್ಷು, ನೀರು ಸಾಕು. ಸುಣ್ಣದಂಥ ಬಿಳಿ ಹೊದಿಕೆ ಅಂಟಿದ್ದರೆ ಅಡುಗೆಯ ವಿನೆಗರ್‌ನಲ್ಲಿ ಒಂದೆರಡು ದಿನ ನೆನೆಸಿ. ಬೆಣಚಿಗೆ ಅದರಿಂದ ಹಾನಿಯಿಲ್ಲ.

ಪದಕದ ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ: ಮನೆಯಲ್ಲಿ ಒಣಗಿದ ಕಲ್ಲನ್ನು ಕೊಯ್ಯಬೇಡಿ, ಉಜ್ಜಬೇಡಿ, ಒಂದೇ ಒಂದು ಸಲವೆಂದೂ ಬೇಡ. ಅಗೇಟಿನ ದೂಳು ಎಂದರೆ ಸಿಲಿಕಾದ ದೂಳು. ಅದು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲಿ ಗಾಯದ ಗಂಟುಗಳನ್ನು ಕಟ್ಟುತ್ತದೆ. ಆ ಸಿಲಿಕೋಸಿಸ್ ರೋಗವನ್ನು ವಾಸಿಮಾಡುವ ಔಷಧಿ ಇಲ್ಲ. ಗುಜರಾತಿನ ಖಂಭಾತ್‌ನಲ್ಲಿ ತಲೆಮಾರುಗಳಿಂದ ಅಗೇಟ್ ಮಣಿ ಉಜ್ಜುತ್ತಾ ಬಂದ ಕುಟುಂಬಗಳು ಇದಕ್ಕೆ ತೆತ್ತ ಬೆಲೆ ಬಹಳ ದೊಡ್ಡದು. ಮನೆಯೇ ಕಾರ್ಖಾನೆ ಆದ್ದರಿಂದ ಉಜ್ಜದ ಹೆಂಗಸರು ಮಕ್ಕಳೂ ಅದೇ ಗಾಳಿಯನ್ನು ಉಸಿರಾಡಿದರು. ಕುಂದಣದ ಉಂಗುರದಲ್ಲಿ, ಜಪಮಾಲೆಯಲ್ಲಿ ನುಣುಪಾದ ಹಕೀಕ್ ಕಂಡಾಗ ನನಗೆ ಮೊದಲು ನೆನಪಾಗುವುದು ಅವರು. ಫೀನಿಕ್ಸ್‌ನಂಥ ದೊಡ್ಡ ಊರಿನಲ್ಲಿ ಕಲ್ಲು ಹವ್ಯಾಸಿಗಳ ಸಂಘಗಳಿರುತ್ತವೆ. ಸತತವಾಗಿ ನೀರು ಹರಿಯುವ ಗರಗಸ ಅವರ ಬಳಿ ಇರುತ್ತದೆ, ಕಲಿಸಿಯೂ ಕೊಡುತ್ತಾರೆ. ಅಲ್ಲಿ ಕೊಯ್ಸಿ.

ಊರಿನಲ್ಲೂ ಇಂಥ ಕಲ್ಲು ಇದೆಯೇ ಎಂಬ ತಂದೆಯವರ ಪ್ರಶ್ನೆಗೆ ಬರುತ್ತೇನೆ. ತೀರ್ಥಹಳ್ಳಿಯ ಕಡೆ ಕಲ್ಲಾದ ಮರ ಸಿಗುವುದಿಲ್ಲ, ಕಾರಣ ಸ್ವಾರಸ್ಯದ್ದು. ನಮ್ಮ ನೆಲ ಬಹಳ ಮುದಿ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ಭೂಮಿಯ ಮೇಲೆ ಮರ ಎಂಬುದು ಹುಟ್ಟಿಯೇ 40 ಕೋಟಿ ವರ್ಷ ಆಗಿಲ್ಲ. ಮರವೇ ಇಲ್ಲದ ಕಾಲದ ಕಲ್ಲಿನಲ್ಲಿ ಮರವನ್ನು ಹುಡುಕುವುದು ಹೇಗೆ? ಆದರೆ ಅಗೇಟ್ ಉಂಟು. ಬೆಳಗಾವಿ, ವಿಜಯಪುರ, ಕಲಬುರಗಿಯ ಕಪ್ಪು ಲಾವಾ ಬಂಡೆಗಳು ಸುಮಾರು 6.6 ಕೋಟಿ ವರ್ಷದವು. ಅವುಗಳ ಗುಳ್ಳೆಗಳಲ್ಲಿ ಅದೇ ಕಥೆ ನಡೆದಿದೆ. ರಾಯಚೂರು ಜಿಲ್ಲೆಯ ಮಸ್ಕಿಯ ಉತ್ಖನನದಲ್ಲಿ ಅಗೇಟ್ ಮಣಿಗಳು ಸಿಕ್ಕಿವೆ. ಕಲ್ಲಾದ ಮರವನ್ನೇ ನೋಡಬೇಕೆಂದರೆ ಪುದುಚೇರಿಗೆ ಹತ್ತಿರದ ತಿರುವಕ್ಕರೈ, ಜೈಸಲ್ಮೇರ್ ಬಳಿಯ ಆಕಲ್ ಇವೆ. ಎರಡೂ ಸಂರಕ್ಷಿತ ಜಾಗಗಳು, ನೋಡಿ ಬರಬೇಕಷ್ಟೆ.

ಇನ್ನು ನಿಮ್ಮ ಮಗನ ಚೂರು. ಅದನ್ನು ಮುಚ್ಚಿಡದೆ ಕೇಳಿದ್ದಕ್ಕೆ ನಿಮ್ಮ ಮೇಲೆ ಗೌರವ ಹೆಚ್ಚಿತು. ಉದ್ಯಾನಕ್ಕೆ ಇಂಥ ಕಲ್ಲುಗಳು ಅಂಚೆಯಲ್ಲಿ ವಾಪಸು ಬರುತ್ತಲೇ ಇರುತ್ತವೆ, ಜೊತೆಗೆ ಕ್ಷಮೆ ಕೇಳುವ ಪತ್ರಗಳೂ. ಪತ್ರಗಳನ್ನು ಅವರು ಕಾಪಾಡಿಕೊಂಡಿದ್ದಾರೆ. ಆದರೆ ಕಲ್ಲುಗಳನ್ನು ಮತ್ತೆ ನೆಲದ ಮೇಲೆ ಇಡುವುದಿಲ್ಲ. ಯಾವುದು ಯಾವ ದಿಬ್ಬದ್ದೆಂದು ಗೊತ್ತಿಲ್ಲದೆ ಎಲ್ಲೋ ಇಟ್ಟರೆ ಮುಂದೆ ಆ ಪದರವನ್ನು ಓದುವ ವಿಜ್ಞಾನಿ ದಾರಿ ತಪ್ಪುತ್ತಾನೆ. ಹಾಗಾಗಿ ಅವೆಲ್ಲ ಸಾರ್ವಜನಿಕರು ಓಡಾಡದ ದಾರಿಯೊಂದರ ಪಕ್ಕದಲ್ಲಿ ದೊಡ್ಡ ಗುಡ್ಡೆಯಾಗಿ ಬಿದ್ದಿವೆ. ಆ ಗುಡ್ಡೆಗೆ ಮನಸ್ಸಾಕ್ಷಿಯ ರಾಶಿ ಎಂಬ ಅರ್ಥದ ಹೆಸರೇ ಇದೆ. ನಿಮ್ಮ ಮಗನ ಚೂರೂ ಅಲ್ಲಿಗೇ ಸೇರುತ್ತದೆ. ಇದನ್ನು ಅವನಿಗೆ ಮೊದಲೇ ತಿಳಿಸಿ ಹೇಳಿ, ಕಲ್ಲು ತನ್ನ ಜಾಗಕ್ಕೆ ಮರಳಿತೆಂದು ಅವನು ತಪ್ಪಾಗಿ ತಿಳಿಯಬಾರದು. ಗದರಬೇಡಿ. ಡಿಸೆಂಬರ್‌ನಲ್ಲಿ ಹೋದಾಗ ನೀವಾಗಿಯೇ ಅದನ್ನು ಕಾಲುದಾರಿಯ ಬದಿಗೆ ಹಾಕಿ ಬರಬೇಡಿ. ಪ್ರವಾಸಿ ಕೇಂದ್ರದಲ್ಲಿ ರೇಂಜರ್ ಒಬ್ಬರ ಕೈಗೆ ಅವನೇ ಕೊಡಲಿ, ಅಜ್ಜ ಪಕ್ಕದಲ್ಲಿ ನಿಂತಿರಲಿ. ಯಾವ ಕಾಲುದಾರಿಯಲ್ಲಿ ಸಿಕ್ಕಿತೆಂದು ಅವನಿಗೆ ನೆನಪಿದ್ದರೆ ಅದನ್ನೂ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಲಿ.